‘ಏನಾಗೈತಿ’ ಎಂದು ಕೇಳಬಾರದ ಊರು

ನನ್ನ ಅಂಗಡಿಯಲ್ಲಿ ಕೆಲಸ ಮಾಡುವ ಬಿರ್ಗಿಟ್‌ಗೆ ಆ ಚಳಿಗಾಲದಲ್ಲಿ ಯಾವ ಕಾಯಿಲೆಯಾಗಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆಕೆ ಹಾಸಿಗೆಯಲ್ಲಿ ಮಲಗಿದ ದಿನಗಳಿಗೂ ಪಗಾರ ಕೊಟ್ಟವಳು ನಾನು. ಆದರೆ ಏನಾಗಿದೆ ಎಂದು ಕೇಳುವ ಹಕ್ಕು ನನಗಿಲ್ಲ. ಇಲ್ಲಿ ಜರ್ಮನಿಯ ಕಾಯಿದೆಯ ಪ್ರಕಾರ ಮಾಲಕಿಗೆ ತಿಳಿಯಬೇಕಾದದ್ದು ಇಷ್ಟೇ: ಕೆಲಸದವಳಿಗೆ ಹುಷಾರಿಲ್ಲ, ಇಂಥ ದಿನದವರೆಗೆ ಬರುವುದಿಲ್ಲ. ಜ್ವರವೋ, ಹೊಟ್ಟೆನೋವೋ, ಮನಸ್ಸಿನ ಬೇನೆಯೋ, ಅದು ಆಕೆಗೂ ಆಕೆಯ ಡಾಕ್ಟರಿಗೂ ಬಿಟ್ಟದ್ದು. ಸಿಂದಗಿಯಲ್ಲಿ ಬೆಳೆದವಳಿಗೆ ಇದು ಹೇಗನಿಸುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಓಣಿಯ ಒಬ್ಬರಿಗೆ ನೆಗಡಿಯಾದರೆ ಸಂಜೆಯೊಳಗೆ ನಾಲ್ಕು ಮನೆಯವರು ಬಂದು ನಾಲ್ಕು ಔಷಧ ಹೇಳಿ ಹೋಗಿರುತ್ತಾರೆ.

ನಾವು ಗಾದಿ ಹೊಲಿಯುವ ಮನೆತನದವರು. ಅಜ್ಜ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ, ಅಪ್ಪ ಸಿಂದಗಿಯ ಬಜಾರದಲ್ಲಿ ಟೇಲರ್ ಅಂಗಡಿ ಇಟ್ಟ, ನಾನು ಆ ಅಂಗಡಿಯ ಕತ್ತರಿ ಸಪ್ಪಳ ಕೇಳುತ್ತ ಬೆಳೆದೆ. ಗಂಡ ದಸ್ತಗೀರ ನಮ್ಮ ಪಕ್ಕದ ಇಂಡಿ ಊರಿನವರು, ನರ್ಸ್ ಕೆಲಸ ಕಲಿತವರು. ವಿಜಯಪುರದ ಆಸ್ಪತ್ರೆಯಲ್ಲಿದ್ದಾಗ ಜರ್ಮನ್ ಭಾಷೆಯ ಪರೀಕ್ಷೆ ಬರೆದು, ಜರ್ಮನಿಯ ಪೂರ್ವ ಭಾಗದ ಈ ಸಣ್ಣ ಊರಿನ ಆಸ್ಪತ್ರೆಗೆ ಬಂದರು. ಅವರ ಹಿಂದೆ ನಾನು. ಮೊದಲ ಚಳಿಗಾಲ ನಾನು ಕಿಟಕಿಯಲ್ಲಿ ಕೂತು ಕಳೆದೆ. ಮಧ್ಯಾಹ್ನದ ಚಹಾ ಕುಡಿದು ಕಪ್ಪು ತೊಳೆಯುವುದರೊಳಗೆ ಹೊರಗೆ ಕತ್ತಲೆ. ದಿನಾ ಬ್ರೆಡ್ ತಿನ್ನುತ್ತೇವೆ ಎಂದು ಫೋನಿನಲ್ಲಿ ಹೇಳಿದಾಗ ಅವ್ವ ಗಾಬರಿಯಾಗಿದ್ದಳು. ನಮ್ಮಲ್ಲಿ ಬ್ರೆಡ್ ಎಂದರೆ ದವಾಖಾನೆಯಲ್ಲಿ ಮಲಗಿದವರ ಊಟ ಅಲ್ಲವೇ.

ಪಕ್ಕದ ಓಣಿಯಲ್ಲಿ ತುರ್ಕಿ ದೇಶದ ಒಬ್ಬ ಮುದುಕರ ಹೊಲಿಗೆ ಅಂಗಡಿ ಇತ್ತು. ಅವರು ಮುಚ್ಚಿ ಮಗಳ ಊರಿಗೆ ಹೋಗುವವರಿದ್ದರು. ಮಷೀನುಗಳ ಸಮೇತ ಅಂಗಡಿ ನನ್ನ ಕೈಗೆ ಬಂತು. ಇಲ್ಲಿ ಹೊಸ ಬಟ್ಟೆ ಹೊಲಿಸುವವರಿಲ್ಲ. ಪ್ಯಾಂಟಿನ ಉದ್ದ ಕಡಿಮೆ ಮಾಡಬೇಕು, ಕೋಟಿನ ಜಿಪ್ಪು ಬದಲಿಸಬೇಕು, ತೀರಿಹೋದ ಗಂಡನ ಸ್ವೆಟರು ಚಿಕ್ಕದು ಮಾಡಿಕೊಡಬೇಕು. ಕೈಗೆ ಈ ಕೆಲಸ ಬರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ನನ್ನ ಜರ್ಮನ್ ಉಳ್ಳಾಗಡ್ಡಿ, ಟೊಮ್ಯಾಟೊ ಕೊಳ್ಳುವಷ್ಟೇ. ಗಿರಾಕಿಗಳು ಬಟ್ಟೆ ಕೊಡುವ ಮೊದಲು ಅದರ ಕತೆ ಹೇಳುತ್ತಾರೆ, ನಾನು ಗೋಣು ಹಾಕುತ್ತ ನಿಲ್ಲುತ್ತೇನೆ, ಅವರು ಬಟ್ಟೆ ಮಡಚಿಕೊಂಡು ಹೋಗುತ್ತಾರೆ. ಮಾತಾಡುವ ಒಬ್ಬರು ಸಿಗದಿದ್ದರೆ ಅಂಗಡಿ ಮುಚ್ಚಿ ಮತ್ತೆ ಕಿಟಕಿಗೆ ಹೋಗಿ ಕೂರಬೇಕಿತ್ತು. ಆಗ ಸಿಕ್ಕವಳು ಬಿರ್ಗಿಟ್. ಐವತ್ತು ದಾಟಿದ ಹೆಂಗಸು, ಮೊದಲು ಒಂದು ಬಟ್ಟೆ ಕಾರ್ಖಾನೆಯಲ್ಲಿದ್ದವಳು, ಊರಿನ ಅರ್ಧ ಜನರ ಪರಿಚಯವಿದ್ದವಳು.

ಅಪ್ಪನ ಅಂಗಡಿಗೆ ಇಮಾಮಸಾಬ ಕಾಕಾ ಸೇರಿದ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಕಾಕಾ ಅಂಗಿ ಒಯ್ಯಲು ಬಂದವರು, ಅಪ್ಪ ಹಚ್ಚಿದ ಕಾಲರು ಸೊಟ್ಟ ಎಂದರಂತೆ. ಹಾಗಾದರೆ ನೀನೇ ಹಚ್ಚು ಎಂದು ಅಪ್ಪ ಸ್ಟೂಲು ಬಿಟ್ಟುಕೊಟ್ಟ. ಅವತ್ತು ಕೂತವರು ಇವತ್ತಿನವರೆಗೂ ಎದ್ದಿಲ್ಲ. ಕರಾರು ಎಂದರೆ ಒಂದು ಅರ್ಧ ಕಪ್ಪು ಚಹಾ. ನಾನೂ ಹಾಗೆಯೇ ಬಿರ್ಗಿಟ್‌ಗೆ, ನಾಳೆ ಬನ್ನಿ, ಕೈ ನೋಡೋಣ ಎನ್ನುವವಳಿದ್ದೆ. ನಮ್ಮ ಲೆಕ್ಕ ನೋಡುವ ಫ್ರಾವ್ ಕ್ರೂಗರ್ (ಫ್ರಾವ್ ಎಂದರೆ ಶ್ರೀಮತಿ) ಅದನ್ನು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಂದೇ ದಿನ ನೋಡೋಣ ಎಂದರೂ ಅದು ಕೆಲಸವೇ, ಅದಕ್ಕೂ ಪಗಾರ ಇದೆ, ಅದಕ್ಕೂ ಮೊದಲೇ ಹೆಸರು ಹಚ್ಚಿಸಬೇಕು ಎಂದರು. ಕೆಲಸಕ್ಕೆ ಜನರನ್ನು ಇಟ್ಟುಕೊಳ್ಳುವವಳು ಎಂದು ಮೊದಲು ಸರ್ಕಾರದಿಂದ ನನಗೊಂದು ನಂಬರು ಬರಬೇಕು. ಆಮೇಲೆ ಆಕೆಯ ಆರೋಗ್ಯ ವಿಮೆ, ಪಿಂಚಣಿ, ನಿರುದ್ಯೋಗ ವಿಮೆ, ಅಪಘಾತದ ವಿಮೆ. ಮೊದಲ ಮೂರರಲ್ಲಿ ಅರ್ಧ ಆಕೆಯದು, ಅರ್ಧ ನನ್ನದು. ಕೊನೆಯದು ಪೂರ್ತಿ ನನ್ನದೇ. ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವಂತಿಲ್ಲ. ವರ್ಷಕ್ಕೆ ಕಡಿಮೆಯೆಂದರೂ ನಾಲ್ಕು ವಾರ ಪಗಾರ ಸಹಿತ ರಜೆ. ಕಾಯಿಲೆ ಬಿದ್ದರೆ ಆರು ವಾರದವರೆಗೆ ನಾನೇ ಪಗಾರ ಕೊಡಬೇಕು. ಇದನ್ನೆಲ್ಲ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಹಂಗಾದ್ರ ನೀ ಮಾಲಕಿನೋ ಆಕಿ ಮಾಲಕಿನೋ ಎಂದು ಕೇಳಿದ.

ಬಿರ್ಗಿಟ್ ಬಂದಳು, ಅಂಗಡಿಗೆ ನಾಲಿಗೆ ಬಂತು. ನನ್ನ ಹೆದರಿಕೆ ಮಾತ್ರ ಹೋಗಲಿಲ್ಲ. ಇಲ್ಲಿ ಸರ್ಕಾರದ ಗಂಭೀರ ನೋಟೀಸುಗಳು ಹಳದಿ ಲಕೋಟೆಯಲ್ಲಿ ಬರುತ್ತವೆ. ಎಲ್ಲಿ ಏನು ತಪ್ಪಿದೆನೋ ಎಂದು ನಾನು ಟಪಾಲು ಪೆಟ್ಟಿಗೆ ತೆರೆಯುವಾಗೆಲ್ಲ ಒಂದು ಕಣ್ಣು ಮುಚ್ಚಿಕೊಂಡೇ ತೆರೆಯುತ್ತಿದ್ದೆ. ಜೊತೆಗೆ ಇನ್ನೊಂದು ಚಿಂತೆ. ಮೊದಲ ಆರು ತಿಂಗಳು ಇಬ್ಬರೂ ಒಬ್ಬರನ್ನೊಬ್ಬರು ನೋಡುವ ಕಾಲ, ಇವರು ಪ್ರೋಬೆತ್ಸೈಟ್ ಎನ್ನುತ್ತಾರೆ. ಆ ಅವಧಿಯಲ್ಲಿ ಕಾರಣ ಹೇಳದೆಯೇ ಎರಡು ವಾರದ ಮುನ್ಸೂಚನೆ ಕೊಟ್ಟು ಯಾರು ಬೇಕಾದರೂ ಕೈಬಿಡಬಹುದು. ನಾನು ಆಕೆಯನ್ನು ಬಿಡುವ ಮಾತೇ ಇರಲಿಲ್ಲ. ಆಕೆ ನನ್ನನ್ನು ಬಿಟ್ಟಾಳು ಎಂಬುದೇ ಭಯ.

ಜಿಪ್ಪುಗಳ ಕಾಲ, ಅಂದರೆ ಚಳಿ ಜೋರಾದ ಕಾಲ, ಬಿರ್ಗಿಟ್‌ಳ ಸಂದೇಶ ಬಂತು. ಹುಷಾರಿಲ್ಲ, ಶುಕ್ರವಾರದವರೆಗೆ ಡಾಕ್ಟರು ರಜೆ ಬರೆದಿದ್ದಾರೆ. ಅಷ್ಟೇ. ಒಂಟಿ ಹೆಂಗಸು, ಮಗ ದೂರದ ಊರಲ್ಲಿ, ನೀರು ಕಾಯಿಸಿ ಕೊಡುವವರಾದರೂ ಯಾರು? ಇಮಾಮಸಾಬ ಕಾಕಾಗೆ ಕಾಮಾಲೆಯಾದಾಗ ಅಪ್ಪ ಅಂಗಡಿಗೆ ಕೀಲಿ ಹಾಕಿ ಅವರ ಕಾಟಿನ ಪಕ್ಕ ಕೂತಿದ್ದ. ಆ ಮನೆಗೆ ಅಡಿಗೆ ಹೋಗಿದ್ದು ನಮ್ಮ ಮನೆಯಿಂದ. ನಮ್ಮಲ್ಲಿ ಇದಕ್ಕೆ ಮಾತಾಡಿಸಿಕೊಂಡು ಬರುವುದು ಎನ್ನುತ್ತಾರೆ. ಹೋಗದಿದ್ದರೆ ಹಗೆ ಎಂದೇ ಅರ್ಥ. ಮದುವೆಗೆ ಹೋಗದವರನ್ನು ಕ್ಷಮಿಸಬಹುದು, ಕಾಯಿಲೆಗೆ ಹೋಗದವರನ್ನು ಕ್ಷಮಿಸುವುದಿಲ್ಲ. ದಸ್ತಗೀರ ಡ್ಯೂಟಿಯಲ್ಲಿದ್ದರು, ಅವರನ್ನೂ ಕೇಳಲಿಲ್ಲ. ಕೋಳಿ ಸಾರು ಮಾಡಿ, ಅನ್ನ ಮೆತ್ತಗೆ ಬೇಯಿಸಿ, ಡಬ್ಬಿ ಕಟ್ಟಿಕೊಂಡು ಹಿಮದಲ್ಲಿ ಕಾಲು ಜಾರುತ್ತ ಹೋದೆ.

ಗಂಟೆ ಒತ್ತಿದ ಮೇಲೆ ಬಹಳ ಹೊತ್ತಿಗೆ ಬಾಗಿಲು ಒಂದು ಗೇಣು ತೆರೆಯಿತು. ಬಿರ್ಗಿಟ್ ನಿಲುವಂಗಿಯಲ್ಲಿದ್ದಳು, ಕೂದಲು ಕೆದರಿತ್ತು. ನಾನು ಅಂಗಡಿಯಲ್ಲಿ ಕಲಿತ ಅಷ್ಟೂ ಜರ್ಮನ್ ಒಟ್ಟುಮಾಡಿ, ಏನಾಗಿದೆ, ಜ್ವರವೇ, ಡಾಕ್ಟರು ಏನೆಂದರು ಎಂದು ಒಂದೇ ಉಸಿರಿಗೆ ಕೇಳಿದೆ. ಆಕೆ ನನ್ನ ಮುಖ ನೋಡಿದಳು, ಡಬ್ಬಿ ನೋಡಿದಳು, ಆಕೆಯ ಮುಖ ಬಿಗಿಯಿತು.

“ನನ್ನನ್ನು ಪರೀಕ್ಷಿಸಲು ಬಂದಿದ್ದೀರಾ?”

ಇಲ್ಲ, ಸಾರು ಎಂದೆ. ಡಾಕ್ಟರರ ರಜೆ ಸರಿಯಾಗಿಯೇ ಇದೆ ಎಂದು ಹೇಳಿ ಆಕೆ ಬಾಗಿಲು ಹಾಕಿದಳು. ಜೋರಾಗಿ ಹಾಕಲಿಲ್ಲ, ಮೆಲ್ಲಗೆ ಹಾಕಿದಳು. ಅದೇ ನನಗೆ ಹೆಚ್ಚು ಚುಚ್ಚಿತು. ಬಿಸಿ ಡಬ್ಬಿ ಎದೆಗವಚಿಕೊಂಡು ಆ ಮೆಟ್ಟಿಲುಗಳನ್ನು ಇಳಿಯುವಾಗ ನನಗೆ ನಾಚಿಕೆ, ಸಿಟ್ಟು, ಅಳು ಮೂರೂ ಒಟ್ಟಿಗೆ ಬಂದವು. ಸಿಂದಗಿಯಲ್ಲಿ ಸಾರು ತಂದವರ ಮುಂದೆ ಬಾಗಿಲು ಹಾಕಿದ್ದನ್ನು ನಾನು ಕಂಡಿಲ್ಲ.

ಮರುದಿನ ಫ್ರಾವ್ ಕ್ರೂಗರ್ ಫೋನು ಮಾಡಿದರು. ಬಿರ್ಗಿಟ್ ಅವರಿಗೆ ಫೋನಿಸಿ, ಕೆಲಸ ಬಿಡುವುದಾದರೆ ಎಷ್ಟು ದಿನ ಮೊದಲು ಹೇಳಬೇಕು ಎಂದು ಕೇಳಿದ್ದಳಂತೆ. ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ಮಾಲಕರು ಕಾಯಿಲೆಯವರ ಮನೆಗೆ ಹೋದರೆ ಇಲ್ಲಿ ಜನ ಅದನ್ನು ಪತ್ತೇದಾರಿ ಎಂದೇ ತಿಳಿಯುತ್ತಾರೆ, ಇನ್ನು ಹೋಗಬೇಡ, ಫೋನೂ ಮಾಡಬೇಡ, ಸಂದೇಶವನ್ನೂ ಕಳಿಸಬೇಡ, ಸುಮ್ಮನಿರು ಎಂದರು. ಅಪ್ಪನಿಗೆ ಹೇಳಿದರೆ ಅವನ ಸಲಹೆ ಪೂರ್ತಿ ಉಲ್ಟಾ.

“ಮತ್ತೊಮ್ಮಿ ಹೋಗವಾ. ತಪ್ಪಾತು ಅನ್ನು, ಬಾಗಿಲದಾಗ ಕುಂದರು. ಸುಮ್ಮ ಕುಂತ್ರ ನಿನಗ ಸೊಕ್ಕ ಬಂದೈತಿ ಅಂತಾಳಕಿ.”

ಒಂದು ಕಡೆ ಹುಟ್ಟಿದೂರಿನ ಮಾತು, ಇನ್ನೊಂದು ಕಡೆ ಹೊಟ್ಟೆ ಹೊರೆವ ಊರಿನ ಮಾತು. ದಸ್ತಗೀರ ಮಾತ್ರ ನಕ್ಕು, ನಮ್ಮ ವಾರ್ಡಿನಲ್ಲೂ ನೋಡಲು ಬಂದವರು ಮೊದಲು ಒಳಗೆ ಬರಬಹುದೇ ಎಂದು ಕೇಳುತ್ತಾರೆ, ವಿಜಯಪುರದಲ್ಲಿ ನಾನು ಮಂದಿಯನ್ನು ಹೊರಗೆ ದಬ್ಬಿ ದಬ್ಬಿ ಸುಸ್ತಾಗುತ್ತಿದ್ದೆ ಎಂದರು. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆ ವಾರ ಅಂಗಡಿಯಲ್ಲಿ ಒಬ್ಬಳೇ. ಗಿರಾಕಿಗಳ ಕತೆಗೆ ಗೋಣು ಹಾಕುತ್ತ, ಸೀಮೆಸುಣ್ಣದಿಂದ ಗುರುತು ಹಾಕಿ ತೋರಿಸುತ್ತ, ಬೆರಳಲ್ಲಿ ವಾರ ಎಣಿಸುತ್ತ ನಡೆಸಿದೆ. ಅರ್ಧ ಜನ ಬಿರ್ಗಿಟ್ ಎಲ್ಲಿ ಎಂದು ಕೇಳುತ್ತಿದ್ದರು. ಅವರಿಗೆ ಹುಷಾರಿಲ್ಲ ಎನ್ನಲೂ ಹೆದರಿಕೆ, ಅದೂ ಕಾಯಿದೆಗೆ ವಿರುದ್ಧವೇನೋ ಎಂದು. ಇವತ್ತು ಇಲ್ಲ ಎಂದಷ್ಟೇ ಹೇಳುತ್ತಿದ್ದೆ. ಫೋನು ಕೈಗೆತ್ತಿಕೊಂಡು ಇಟ್ಟದ್ದು ಎಷ್ಟು ಸಲವೋ. ಸುಮ್ಮನಿರುವುದು ಇಷ್ಟು ಕಷ್ಟದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ.

ಸೋಮವಾರ ಬೆಳಗ್ಗೆ ಬಿರ್ಗಿಟ್ ಬಂದಳು. ಶುಭೋದಯ ಹೇಳಿ, ಕೋಟು ತೂಗುಹಾಕಿ, ಮಷೀನಿನ ಮುಂದೆ ಕೂತಳು. ನಾನು ಸೂಜಿಗೆ ದಾರ ಪೋಣಿಸಿ ಒಂದು ಕೋಟಿನ ಜಿಪ್ಪು ಹಚ್ಚಲು ಕೂತೆ. ಕಾಫಿಯ ಹೊತ್ತಿಗೆ ಆಕೆಯೇ ಬಾಯಿ ಬಿಟ್ಟಳು, ನನಗೆ ತಿಳಿಯಲಿ ಎಂದು ನಿಧಾನವಾಗಿ ಮಾತಾಡಿದಳು. ಹಿಂದೆ ಆಕೆ ಕೆಲಸಕ್ಕಿದ್ದ ಒಂದು ಕಡೆ, ರಜೆ ಹಾಕಿದವರು ನಿಜವಾಗಿ ಮಲಗಿದ್ದಾರೋ ಇಲ್ಲವೋ ಎಂದು ನೋಡಿ ಬರಲು ಮೇಲಿನವರು ಆಳು ಕಳಿಸುತ್ತಿದ್ದರಂತೆ. ಒಮ್ಮೆ ಒಬ್ಬ ಹೂವಿನ ಗುಚ್ಛ ಹಿಡಿದುಕೊಂಡು ಬಂದ, ಒಳಗೆ ಕೂತ, ನಗುನಗುತ್ತ ಮಾತಾಡಿ ಹೋದ. ಅಡಿಗೆಮನೆಯಲ್ಲಿ ಆಕೆ ಮಾಡುತ್ತಿದ್ದ ಕೇಕು ನೋಡಿ, ಈಕೆಗೇನೂ ಆಗಿಲ್ಲ ಎಂದು ವರದಿ ಕೊಟ್ಟ. ಹೂವು ತಂದ ಕೈಯೇ ಆ ವರದಿ ಬರೆದದ್ದು, ಹಾಗಾಗಿ ನಿಮ್ಮ ಡಬ್ಬಿಗೂ ಹೆದರಿದೆ ಎಂದಳು.

ನಾನೂ ಹೇಳಿದೆ. ಪದ ಸಿಗದ ಕಡೆ ಕೈ ಆಡಿಸಿದೆ. ನಮ್ಮ ಊರಲ್ಲಿ ಹೋಗದಿದ್ದರೆ ಹಗೆ, ಊರಿನವರೆಲ್ಲ ಬರುತ್ತಾರೆ, ಬೆಳಗಿನಿಂದ ರಾತ್ರಿಯವರೆಗೂ ಬರುತ್ತಾರೆ, ಪ್ರತಿಯೊಬ್ಬರಿಗೂ ಕಾಯಿಲೆಯ ಕತೆಯನ್ನು ಮೊದಲಿನಿಂದ ಹೇಳಬೇಕು, ಬಂದವರಿಗೆಲ್ಲ ಚಹಾ ಆಗಬೇಕು. ಬಿರ್ಗಿಟ್ ಬಹಳ ಗಂಭೀರವಾಗಿ ಕೇಳಿಸಿಕೊಂಡಳು.

“ಹಾಗಾದರೆ ನಿಮ್ಮೂರಲ್ಲಿ ರೋಗಿ ಮಲಗುವುದು ಯಾವಾಗ?”

ನನಗೆ ನಗು ತಡೆಯಲಾಗಲಿಲ್ಲ. ಹುಟ್ಟಿದಾಗಿನಿಂದ ಯಾರೂ ಕೇಳದ ಪ್ರಶ್ನೆ ಅದು. ಆಕೆಯೂ ನಕ್ಕಳು. ಕೆಲಸ ಬಿಡುವ ಮಾತು ಮತ್ತೆ ಬರಲಿಲ್ಲ. ಆಕೆ ಹುಷಾರಿಲ್ಲದಾಗ ನಾನು ಅತ್ತ ಸುಳಿಯಬಾರದು, ಹುಷಾರಾಗಿ ಬಂದ ದಿನ ಸಾರು ತರಬಹುದು ಎಂದು ನಮ್ಮೊಳಗೆ ಒಪ್ಪಂದವಾಯಿತು. ಮರುದಿನವೇ ಮತ್ತೆ ಕೋಳಿ ಸಾರು ಮಾಡಿದೆ, ಖಾರ ಕಡಿಮೆ ಹಾಕಿದೆ, ಆದರೂ ಆಕೆ ಮೂಗು ಒರೆಸಿಕೊಳ್ಳುತ್ತ ಕುಡಿದಳು. ಆ ವಾರದ ಪಗಾರದಲ್ಲಿ ದೊಡ್ಡ ಪಾಲನ್ನು ಸಣ್ಣ ಅಂಗಡಿಯವರಿಗೆಂದೇ ಇರುವ ವಿಮಾ ನಿಧಿ ವಾಪಸು ಕೊಡುತ್ತದೆ ಎಂಬ ಸುದ್ದಿಯನ್ನು ಫ್ರಾವ್ ಕ್ರೂಗರ್ ಆಮೇಲೆ ಹೇಳಿದರು. ಮೊದಲೇ ಹೇಳಿದ್ದರೆ ನನ್ನ ನಿದ್ದೆಯಾದರೂ ಉಳಿಯುತ್ತಿತ್ತು.

ಆರು ತಿಂಗಳು ಕಳೆಯಿತು, ಬಿರ್ಗಿಟ್ ಕಾಯಂ ಆದಳು. ಜರ್ಮನಿಯ ಬೇಸಿಗೆಯಲ್ಲಿ, ಅಂದರೆ ನಮ್ಮೂರ ಮಳೆಗಾಲದಲ್ಲಿ, ಅಂಗಡಿಯನ್ನು ಆಕೆಯ ಕೈಗೆ ಬಿಟ್ಟು ಊರಿಗೆ ಬಂದೆ. ದೇವರ ಹಿಪ್ಪರಗಿ ದಾಟುತ್ತಲೇ ಬಸ್ಸಿನ ಎರಡೂ ಕಡೆ ತೊಗರಿ ಮೊಳಕೆ ಎದ್ದಿತ್ತು. ಮನೆಯೊಳಗೆ ಕಾಲಿಡುತ್ತಲೇ ಅವ್ವ ಹೇಳಿದ ಮೊದಲ ಸುದ್ದಿ, ಇಮಾಮಸಾಬ ಕಾಕಾ ಆಪರೇಷನ್ ಮಾಡಿಸಿಕೊಂಡು ಬಂದು ಮಲಗಿದ್ದಾರೆ, ನಡಿ, ಮಾತಾಡಿಸಿ ಬರೋಣ. ನಾನು ಚಪ್ಪಲಿ ಮೆಟ್ಟಿದವಳು ಹೊಸ್ತಿಲಲ್ಲಿ ನಿಂತೆ. ನಿದ್ದೆ ಹತ್ತಿರಬಹುದು, ಮೊದಲು ಫೋನು ಮಾಡಿ ಬರಬಹುದೋ ಇಲ್ಲವೋ ಕೇಳೋಣ ಎಂದೆ.

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಮಾತಾಡಸಾಕ ಹೋಗಾಕ ಯಾರರ ಅಪ್ಪಣಿ ಕೇಳ್ತಾರೇನ? ನೀ ಯಾವಾಗ ಹಿಂಗಾದಿ?”

ಕಾಕಾನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಟಿನ ಸುತ್ತ ಜನ, ಕಪ್ಪು ಬಸಿಗಳ ಸಪ್ಪಳ, ಮೂಲೆಯಲ್ಲಿ ಬ್ರೆಡ್ ಪಾಕೀಟುಗಳ ರಾಶಿ. ಬಂದವರೆಲ್ಲ ಕೇಳುತ್ತಿದ್ದರು, ಕಾಕಾ ಹೇಳುತ್ತಿದ್ದರು. ನಾನು ಕಾಲ ಬಳಿ ಕೂತು ಸುಮ್ಮನೆ ಅವರ ಪಾದ ಮುಟ್ಟಿದೆ. ಕಣ್ಣು ಎಷ್ಟು ಸೊರಗಿವೆ, ಇವರು ಮಲಗುವುದು ಯಾವಾಗ ಎಂದು ಬಿರ್ಗಿಟ್‌ಳ ದನಿಯಲ್ಲೇ ಯೋಚನೆ ಬಂತು. ಆಗಲೇ ಫೋನು ಅಲುಗಿತು. ಬಿರ್ಗಿಟ್. ಹುಷಾರಿಲ್ಲ, ಈ ವಾರ ಅಂಗಡಿ ಮುಚ್ಚಿರುತ್ತದೆ, ಕ್ಷಮಿಸಿ. ಏನಾಯಿತು ಎಂದು ಬರೆದೆ, ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಕೊನೆಗೆ, ಬೇಗ ಗುಣವಾಗಲಿ ಎಂದು ಜರ್ಮನ್ನರು ಹೇಳುವ ಎರಡೇ ಪದ, ಗೂಟೆ ಬೆಸ್ಸೆರುಂಗ್, ಕಳಿಸಿ ಫೋನು ಮುಚ್ಚಿದೆ. ತಲೆ ಎತ್ತಿದರೆ ಕಾಕಾ ನನ್ನನ್ನೇ ನೋಡುತ್ತಿದ್ದರು.

“ಎಲ್ಲಾರೂ ಕೇಳಿದ್ರು, ನೀ ಒಬ್ಬಾಕಿ ಏನೂ ಕೇಳಲಿಲ್ಲಲ್ಲ ಮಗಳ. ನನ್ನ ಮ್ಯಾಲ ಸಿಟ್ಟೇನು?”

ಜರುಗಿ ಅವರ ತಲೆದಿಂಬಿನ ಹತ್ತಿರ ಕೂತು, ಏನಾಗೈತ್ರಿ ಕಾಕಾ, ಮೊದಲಿಂದ ಹೇಳ್ರಿ ಎಂದೆ. ಕಾಕಾ ಮೊಣಕೈ ಊರಿ ಸ್ವಲ್ಪ ಎದ್ದು ಕೂತರು, ಹೊಟ್ಟೆ ನೋಯಲು ಶುರುವಾದ ಸಂಜೆಯಿಂದ ಕತೆ ತೆಗೆದರು. ನಾನು ಹೂಂ ಹೂಂ ಎನ್ನುತ್ತ ಕೇಳಿದೆ. ಅತ್ತ ಜರ್ಮನಿಯಲ್ಲಿ, ಮಗ ದೂರವಿದ್ದ ಆ ಮನೆಯಲ್ಲಿ ಬಿರ್ಗಿಟ್‌ಗೆ ಏನಾಗಿದೆ ಎಂದು ಕೇಳಲು ಯಾರೂ ಇರಲಿಲ್ಲ, ಮತ್ತು ಆಕೆ ಅದನ್ನೇ ಬಯಸಿದ್ದಳು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಾಕಾನ ಕತೆ ಮುಗಿಯುವವರೆಗೂ ನನ್ನ ಕೈ ಫೋನಿನ ಮೇಲೆಯೇ ಇತ್ತು.