ವಾಗ ವಾಗದಲ್ಲಿ ತಟ್ಟಿದ ಚಪ್ಪಾಳೆ

ಮಗಳ ಬಾಣಂತನ ಮುಗಿಸಿ ಆಸ್ಟ್ರೇಲಿಯಾದಿಂದ ಬಂದಾಗ, ಸಮುದ್ರ ನೋಡಿದೆಯಾ ಎಂದು ನಮ್ಮೂರು ನಂದಗುಡಿಯಲ್ಲಿ ಎಲ್ಲರೂ ಕೇಳಿದರು. ಎಲ್ಲಿಯ ಸಮುದ್ರ! ಮಗಳು ನರ್ಸ್ ಆಗಿರುವ ವಾಗ ವಾಗ ಎಂಬ ಊರು ಕರಾವಳಿಯಿಂದ ಬಹಳ ಒಳಗಿದೆ. ಸುತ್ತ ಗೋಧಿ ಹೊಲ, ಕುರಿ, ದನ. ಪಕ್ಕದಲ್ಲಿ ಮರಂಬಿಜಿ ಎಂಬ ನದಿ, ಅದು ಉಕ್ಕಿ ಒಳಗೆ ಬಾರದಂತೆ ಮಣ್ಣಿನ ಏರಿ. ದಡದಲ್ಲಿ ನಮ್ಮ ನೀಲಗಿರಿ ಜಾತಿಯ ಭಾರಿ ಮರಗಳು. ಬೀದಿಗಳೆಲ್ಲ ಅಗಲ, ಸಂಜೆ ಆಗುವುದರೊಳಗೆ ಅಂಗಡಿಗಳ ಬಾಗಿಲು ಬಂದ್. ಕುರಿ ಸಂತೆ ನೋಡಿದ ದಿನವಂತೂ ನನಗೆ ತವರಿಗೆ ಬಂದ ಹಾಗಾಯಿತು.

ಒಮ್ಮೆ ಕೂಸನ್ನೆತ್ತಿಕೊಂಡು ಅಲ್ಲಿನ ಲೈಬ್ರರಿಗೆ ಹೋದೆವು, ಮಕ್ಕಳಿಗೆ ಕತೆ ಹೇಳುತ್ತಾರೆಂದು. ಕತೆಗೆ ಮೊದಲು ಒಬ್ಬಾಕೆ ಗಂಭೀರವಾಗಿ ಏನೋ ಹೇಳಿದಳು. ಇದು ವಿರಾಜುರಿ ಎಂಬ ಮೂಲ ಜನರ ನೆಲ, ಅವರ ಹಿರಿಯರನ್ನು ಗೌರವದಿಂದ ನೆನೆಯುತ್ತೇವೆ ಎಂದಳಂತೆ, ಮಗಳು ಪಿಸುಗುಟ್ಟಿದಳು. ಅಲ್ಲಿ ಸಭೆಗಳು ಹೀಗೇ ಶುರುವಾಗುತ್ತವಂತೆ. ನನ್ನ ಕಣ್ಣು ತುಂಬಿತು. ನಮ್ಮ ಕಡೆ ಯಾರಿಗಿದೆ ಈ ಮರ್ಯಾದೆ ಎಂದುಕೊಂಡು ಒಬ್ಬಳೇ ಚಪ್ಪಾಳೆ ತಟ್ಟಿದೆ.

ಹೊರಗೆ ಬಂದಮೇಲೆ ಕೇಳಿದೆ. "ಹಂಗಾದ್ರೆ ನೆಲಾನ ವಾಪಸ್ ಕೊಟ್ಬಿಟ್ರೇನೇ?"

"ಇಡೀ ಊರನ್ನ ಹೆಂಗಮ್ಮ ವಾಪಸ್ ಕೊಡ್ತಾರೆ? ನೆನಪು ಮಾಡ್ಕೋತಾರೆ ಅಷ್ಟೇ."

ನಾನು ಊರಿಗೆ ವಾಪಸ್ ಬಂದ ತಿಂಗಳಲ್ಲೇ ನಮ್ಮ ಶಾಲೆ ಬಯಲಿನಲ್ಲಿ ಸಭೆ. ಹೊಸ ನಗರ ಬರುತ್ತದಂತೆ. ನಮ್ಮ ರಾಗಿ ಹೊಲ, ಅದರ ಬದುವಿನಲ್ಲಿರುವ ಅತ್ತೆಯ ಸಮಾಧಿ, ಎರಡೂ ಸರ್ಕಾರದ ನಕ್ಷೆಯೊಳಗೆ. ನಾವು ಒಪ್ಪಿರಲಿಲ್ಲ, ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ. ಇಸ್ತ್ರಿ ಅಂಗಿಯ ಅಧಿಕಾರಿಯೊಬ್ಬ ಮೈಕಿನ ಮುಂದೆ ಕೈಮುಗಿದ.

"ಮೊದಲಿಗೆ, ಈ ನಗರಕ್ಕೆ ಭೂಮಿ ಕೊಟ್ಟ ನಿಮ್ಮ ತ್ಯಾಗವನ್ನ ಗೌರವದಿಂದ ಸ್ಮರಿಸ್ತೀವಿ. ನಗರದ ಬಾಗಿಲಲ್ಲೇ ನಿಮ್ಮೂರಿನ ಹೆಸರಿನ ಕಲ್ಲು ಹಾಕಿಸ್ತೀವಿ."

ಜನ ಚಪ್ಪಾಳೆ ತಟ್ಟಿದರು! ವೇದಿಕೆಯಲ್ಲಿ ಯಾರು ಕೈಮುಗಿದರೂ ತಟ್ಟುವುದು ನಮಗೆ ಹುಟ್ಟಿನಿಂದ ಬಂದ ಕಾಯಿಲೆ. ಪಕ್ಕದಲ್ಲಿ ನನ್ನ ಗಂಡನೂ ತಟ್ಟುತ್ತಿದ್ದರು. ನನ್ನ ಮೈಯೆಲ್ಲ ಉರಿದುಹೋಯಿತು. ಬದುಕಿ ಕೂತಿರುವವರ ಮುಂದೆಯೇ ತಿಥಿಯ ಮಾತೇ? ವಾಗ ವಾಗದಲ್ಲಿ ನೆಲ ಹೋಗಿ ಎಷ್ಟೋ ತಲೆಮಾರಾದ ಮೇಲೆ ಬಂದ ಮಾತು, ಇಲ್ಲಿ ನೆಲ ಹೋಗುವ ಮುಂಚೆಯೇ ಬಂದುಬಿಟ್ಟಿತ್ತು. ಅಲ್ಲಿ ಕಣ್ಣೀರು ಹಾಕಿದ ನನ್ನ ಮೇಲೂ ಅಷ್ಟೇ ಸಿಟ್ಟು ಬಂತು.

ಗಂಡನ ಎರಡೂ ಕೈ ಹಿಡಿದು ಕೆಳಗೆ ಅದುಮಿ ಎದ್ದು ನಿಂತೆ.

"ಸ್ವಾಮಿ, ನೆನೆಸ್ಕೊಳ್ಳೋಕೆ ನಾವಿನ್ನೂ ಹೋಗಿಲ್ಲ, ಇಲ್ಲೇ ಕೂತಿದೀವಿ. ಕೊಡ್ತೀರಾ ಅಂತ ಮೊದ್ಲು ಕೇಳಿ!"

ಅವನು ಕೇಳಲಿಲ್ಲ. ಕೈಯಲ್ಲಿದ್ದ ಭಾಷಣದ ಪುಟ ತಿರುವಿ ಮುಂದಿನದನ್ನು ಓದಿದ. ಆ ಪುಟಕ್ಕೆ ಮಾತ್ರ ಯಾರೂ ಚಪ್ಪಾಳೆ ತಟ್ಟಲಿಲ್ಲ.