ಸಬಿತಾ ಕುರ್ಚಿ ಬಿಟ್ಟು ಏಳಲಿಲ್ಲ

ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ಮದುವೆಯಾದರೂ ಸದ್ಯಕ್ಕೆ ದಾಖಲು ಮಾಡಿಕೊಳ್ಳಿ ಎಂದು ನೇಪಾಳದ ಸುಪ್ರೀಂ ಕೋರ್ಟು ಆದೇಶ ಕೊಟ್ಟ ಮರುವರ್ಷದ ಮಾತಿದು. ಆ ಆದೇಶದ ಸುದ್ದಿಯೇ ನನಗೆ ಗೊತ್ತಿರಲಿಲ್ಲ. ನಾನು ಮೂಡಬಿದಿರೆ ಕಡೆಯ ಕೊಂಕಣಿ ಕ್ರಿಶ್ಚಿಯನ್ ಹೆಂಗಸು, ದುಬೈಯ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಸೂಪರ್‌ವೈಸರ್. ನನಗೂ ನೇಪಾಳದ ಕೋರ್ಟಿಗೂ ಎಲ್ಲಿಯ ಸಂಬಂಧ?

ಸಂಬಂಧ ತಂದವಳು ಸಬಿತಾ. ಹೆಸರು ಬದಲಿಸಿದ್ದೇನೆ, ಕಾರಣ ನಿಮಗೇ ತಿಳಿಯುತ್ತದೆ. ನೇಪಾಳದ ಈ ಹುಡುಗಿ ನಮ್ಮ ಹೋಟೆಲಿನ ರಿಸೆಪ್ಷನ್‌ನಲ್ಲಿದ್ದಳು. ಅಲ್ ನಹ್ದಾ ಬಡಾವಣೆಯ ಫ್ಲ್ಯಾಟಿನಲ್ಲಿ ಅವಳು, ನಾನು, ಉಳ್ಳಾಲದ ಝೀನತ್ ಮೂವರೂ ಒಂದೇ ರೂಮಿನಲ್ಲಿ. ನನಗೆ ಮೂಗಿನ ತುದಿಯಲ್ಲೇ ಕೋಪ. ಸಬಿತಾಳಿಗೆ ಕೋಪ ಬಂದದ್ದನ್ನು ನಾನು ನೋಡಿಯೇ ಇಲ್ಲ. ಗೆಸ್ಟು ಮೇಜು ಕುಟ್ಟಿ ಕೂಗಾಡಿದರೂ ಇವಳದ್ದು ಅದೇ ನಗು, ಅದೇ ಮೆತ್ತಗಿನ ದನಿ.

ಒಮ್ಮೆ ನಮ್ಮ ಹೋಟೆಲಿನ ನೇಪಾಳಿ ಹುಡುಗನೊಬ್ಬ ಹೃದಯಾಘಾತದಿಂದ ತೀರಿಹೋದ. ಬಾಡಿಯನ್ನು ಪೆಟ್ಟಿಗೆಯಲ್ಲಿಟ್ಟು ಊರಿಗೆ ಕಳಿಸಿದ ದಿನ ಸಬಿತಾ ಊಟ ಮಾಡಲಿಲ್ಲ. ನಾನು ಒತ್ತಾಯ ಮಾಡಿದ್ದಕ್ಕೆ ಹಿಂದಿಯಲ್ಲಿ ಹೇಳಿದಳು, “ದೀದಿ, ನನಗೆ ಹೀಗಾದರೆ ಕಠ್ಮಂಡು ಏರ್‌ಪೋರ್ಟಿಗೆ ಬರುವುದು ನನ್ನ ಅಪ್ಪ. ನನ್ನ ಜೊತೆ ಮಾತು ಬಿಟ್ಟ ಅಪ್ಪ. ಮಾಯಾಳನ್ನು ಪೆಟ್ಟಿಗೆಯ ಹತ್ತಿರವೂ ಬಿಡುವುದಿಲ್ಲ.”

“ಮಾಯಾ ಯಾರು?” ಎಂದೆ.

ಅವಳು ಹೇಳಿದಳು. ಊರಿನಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡವಳು ಮಾಯಾ. ಇಬ್ಬರೂ ಒಬ್ಬರಿಗೊಬ್ಬರು ಎಂದು ಬದುಕುತ್ತಿರುವುದು ಬಹಳ ಕಾಲದಿಂದ. ಈಗ ಕೋರ್ಟಿನ ಆದೇಶ ಇದೆ, ಇಬ್ಬರ ಮದುವೆ ಕಾಗದದಲ್ಲಿ ಆದರೆ ಪೆಟ್ಟಿಗೆ ಕೇಳುವ ಹಕ್ಕು ಮಾಯಾಳದ್ದು.

ಇಲ್ಲಿ ಇಂಥ ಮಾತನ್ನು ಗಟ್ಟಿಯಾಗಿ ಆಡುವ ಹಾಗಿಲ್ಲ. ಮೊದಲು ಎದ್ದು ಬಾಗಿಲು ಹಾಕಿದೆ. ನಮ್ಮ ಪಾದ್ರಿ ಏನು ಹೇಳಿಯಾರು ಎಂಬ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಪರದೇಶದಲ್ಲಿ ದುಡಿಯುವವರಿಗೆ ಪೆಟ್ಟಿಗೆಯ ಮಾತು ಮನಸ್ಸಿಗೆ ತಾಗುತ್ತದೆ. ನಾನು ಅವಳ ಪಕ್ಕ ಹೋಗಿ ಕೂತೆ.

ಊರಿಗೆ ಹೋಗಿ ಮದುವೆ ದಾಖಲು ಮಾಡಿಸಲು ಸಬಿತಾಳಿಗೆ ರಜೆ ಸಿಕ್ಕಿತು. ಅವಳು ಹೊರಡುವ ಹಿಂದಿನ ದಿನ, ನಮ್ಮಲ್ಲಿ ಮದುಮಗಳಿಗೆ ಮಾಡುವ ರೋಸ್ ಮಾಡಿಬಿಟ್ಟೆ. ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ ಅದು. ಕಾಯಿ ತುರಿದು ಹಿಂಡಲಿಕ್ಕೆ ಪುರುಸೊತ್ತೆಲ್ಲಿ? ಸೂಪರ್‌ಮಾರ್ಕೆಟಿನ ಪ್ಯಾಕೆಟ್ ಹಾಲನ್ನೇ ತಲೆಗೆ ಸುರಿದೆ. ಝೀನತ್ ಬಚ್ಚಲಿನ ಬಾಗಿಲಲ್ಲಿ ನಿಂತು, “ಎಂತ ಐರಿನಕ್ಕಾ, ಮದಿಮಾಳಿಗೆ ಸಾರಿಗೆ ಹಾಕುವ ಹಾಲಾ?” ಎಂದು ನಕ್ಕಳು. ಆಮೇಲೆ ನನ್ನನ್ನು ಅಡುಗೆಮನೆಗೆ ಎಳೆದು ಮೆಲ್ಲಗೆ ಹೇಳಿದಳು, “ಯಾರೊಟ್ಟಿಗೆ ಮದುವೆ ಅಂತ ನಾನು ಕೇಳುವುದಿಲ್ಲ, ನೀವು ಹೇಳುವುದೂ ಬೇಡ. ಒಳ್ಳೆಯದಾಗ್ಲಿ ಅವಳಿಗೆ.” ನನಗೆ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು.

ಅವಳು ಊರು ಮುಟ್ಟಿದ ಮೇಲೆ ಶುರುವಾಯಿತು ಅಲೆದಾಟ. ಅಲ್ಲಿ ಮದುವೆ ದಾಖಲು ಮಾಡುವುದು ವಾರ್ಡ್ ಆಫೀಸಿನಲ್ಲಿ, ನಮ್ಮ ಪಂಚಾಯತ್ ಆಫೀಸಿನ ಹಾಗೆ. ಒಂದು ದಿನ ಅಧ್ಯಕ್ಷರಿಲ್ಲ, ಮತ್ತೊಂದು ದಿನ ಮೇಲಿನಿಂದ ಆದೇಶ ಬಂದಿಲ್ಲ, ಇನ್ನೊಂದು ದಿನ ಕರೆಂಟಿಲ್ಲ. ಕೋರ್ಟು ಆಗಲಿ ಎಂದರೂ ಈ ಮಹಾಶಯರಿಗೆ ಆಗುವುದಿಲ್ಲ! ಹೀಗೆ ರಜೆಯ ಕೊನೆಯ ದಿನ ಬಂದೇಬಿಟ್ಟಿತು. ಮರುದಿನ ಅವಳ ವಿಮಾನ.

“ನನ್ನ ಕಡೆಯವರು ಯಾರೂ ಬರುವುದಿಲ್ಲ ದೀದಿ. ನೀವಾದರೂ ಫೋನಿನಲ್ಲಿ ಇರಿ” ಎಂದಳು.

ನನಗೆ ಅವತ್ತು ವಾರದ ರಜೆ. ಬೆಳಿಗ್ಗೆಯೇ ಮಿಂದು, ರೇಷ್ಮೆ ಸೀರೆ ಉಟ್ಟು, ಅಡುಗೆಮನೆಯ ಬಾಗಿಲು ಹಾಕಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕೂತೆ. ವಾಟ್ಸಾಪಿನ ವಿಡಿಯೋ ಕಾಲ್ ಇಲ್ಲಿಗೆ ಬರುವುದಿಲ್ಲವಲ್ಲ, ಬೇರೆ ಆ್ಯಪ್ ಹಾಕಿಕೊಂಡಿದ್ದೆವು. ಸಬಿತಾ ಫೋನನ್ನು ಕಾರ್ಯದರ್ಶಿಯ ಮೇಜಿನ ಮೇಲೆ ಒರಗಿಸಿಟ್ಟಳು. ಪಕ್ಕದಲ್ಲಿ ಕೆಂಪು ಸೀರೆಯ ಮಾಯಾ, ಹಿಂದೆ ಮಾಯಾಳ ತಾಯಿ. ಇಷ್ಟು ವರ್ಷ ನೇಪಾಳಿಗಳ ಜೊತೆ ದುಡಿದ ನನಗೆ ಅವರ ಮಾತು ಸುಮಾರಾಗಿ ಅರ್ಥವಾಗುತ್ತದೆ.

“ಕಂಪ್ಯೂಟರಿನಲ್ಲಿ ಗಂಡ ಅಂತ ಒಂದು ಜಾಗ ಇದೆ. ಅಲ್ಲಿ ಯಾರ ಹೆಸರು ಹಾಕಲಿ? ನೀವೇ ಹೇಳಿ” ಎಂದ ಕಾರ್ಯದರ್ಶಿ. ಹಿಂದೆ ಯಾರೋ ಕಿಸಕ್ಕೆಂದರು.

“ಬೇರೆ ದಾಖಲೆಯಲ್ಲಿ ಬರೆದುಕೊಳ್ಳಿ ಅಂತ ಕೋರ್ಟು ಹೇಳಿದೆ ಸರ್” ಎಂದಳು ಸಬಿತಾ.

“ಆ ಬೇರೆ ಪುಸ್ತಕ ಮೇಲಿನಿಂದ ಬರಬೇಕು. ಬಂದ ಮೇಲೆ ಬನ್ನಿ.”

ನನಗೆ ಎಲ್ಲಿತ್ತೋ ಸಿಟ್ಟು! “ಅರೇ ಸಾಹೇಬ್, ನೀವೇನು ಕೋರ್ಟಿಗಿಂತ ದೊಡ್ಡವರಾ?” ಎಂದು ಹಿಂದಿಯಲ್ಲಿ ಕಿರುಚಿದೆ. ಕಾರ್ಯದರ್ಶಿ ಬೆಚ್ಚಿಬಿದ್ದು, “ಯಾರಿದು?” ಎಂದ.

“ನನ್ನ ದೀದಿ ಸರ್, ದುಬೈಯಿಂದ” ಎಂದವಳೇ ಸಬಿತಾ ಫೋನನ್ನು ಬೋರಲು ಹಾಕಿದಳು. ಆಮೇಲೆ ನನಗೆ ಕಂಡದ್ದು ಬರೀ ಕತ್ತಲು. ಕೆಲಸ ಕೆಡಿಸಿಬಿಟ್ಟೆನಲ್ಲಾ ಎಂದು ನಾಲಿಗೆ ಕಚ್ಚಿಕೊಂಡೆ. ಕಿವಿ ಮಾತ್ರ ಅಲ್ಲೇ ಇತ್ತು.

“ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ ಸರ್” ಎಂದಳು ಸಬಿತಾ. ಅದೇ ರಿಸೆಪ್ಷನ್ ದನಿ. “ಆಗುವುದಿಲ್ಲ ಅಂತ ಒಂದು ಸಾಲು ಬರೆದು ಸಹಿ ಹಾಕಿ ಕೊಡಿ. ಈಗಲೇ ಎದ್ದು ಹೋಗುತ್ತೇವೆ.”

ನನಗೆ ತಕ್ಷಣ ಹೊಳೆಯಿತು. ಇದು ನಮ್ಮ ಹೋಟೆಲಿನ ಪದ್ಧತಿ. ಬುಕಿಂಗ್ ಇದ್ದ ಗೆಸ್ಟನ್ನು ರೂಮಿಲ್ಲ ಎಂದು ಬರೀ ಬಾಯಿಮಾತಿನಲ್ಲಿ ವಾಪಸ್ ಕಳಿಸುವ ಹಾಗಿಲ್ಲ, ಡ್ಯೂಟಿ ಮ್ಯಾನೇಜರ್ ಬರೆದು ಸಹಿ ಹಾಕಬೇಕು. ಸಹಿ ಎಂದ ಕೂಡಲೇ ಎಲ್ಲಿಂದಲೋ ಒಂದು ರೂಮು ಹುಟ್ಟಿಕೊಳ್ಳುವುದನ್ನು ನಾವೆಲ್ಲ ಎಷ್ಟೋ ಸಲ ನೋಡಿ ನಕ್ಕಿದ್ದೇವೆ.

“ಹಾಗೆಲ್ಲ ಬರೆದು ಕೊಡಲಿಕ್ಕೆ ಬರುವುದಿಲ್ಲ” ಎಂದ ಕಾರ್ಯದರ್ಶಿ.

“ಪರವಾಗಿಲ್ಲ ಸರ್, ಕಾಯುತ್ತೇವೆ.”

ಕಾದರು ನೋಡಿ! ಬೇರೆ ಜನ ಬಂದರು, ಕೆಲಸ ಮುಗಿಸಿ ಹೋದರು. ಚಹಾ ಲೋಟಗಳ ಸದ್ದು ಕೇಳಿಸಿತು. ನಡುನಡುವೆ ಸಬಿತಾಳ ದನಿ, “ಬರೆದಾಯಿತಾ ಸರ್?” ಒಮ್ಮೆಯೂ ದನಿ ಏರಲಿಲ್ಲ, ಒಮ್ಮೆಯೂ ಅವಳು ಕುರ್ಚಿ ಬಿಟ್ಟು ಎದ್ದ ಸದ್ದು ಬರಲಿಲ್ಲ. ನನ್ನ ಒಲೆಯ ಮೇಲಿನ ಗಂಜಿ ಅಡಿ ಹಿಡಿದದ್ದೂ ನನಗೆ ತಿಳಿಯಲಿಲ್ಲ. ಕೊನೆಗೆ ಕಾರ್ಯದರ್ಶಿ ಮೇಲಿನವರಿಗೆ ಫೋನ್ ಮಾಡಿದ.

“ಹೌದು ಸರ್... ಆಗುವುದಿಲ್ಲ ಅಂತ ಬರೆದು ಕೊಡಿ ಅಂತಾಳೆ ಸರ್... ಬರೆದರೆ ನಾಳೆ ಕೋರ್ಟಿನಲ್ಲಿ ನಿಲ್ಲುವವನು ನಾನಲ್ಲವಾ ಸರ್?... ಇಲ್ಲ ಸರ್, ಜಗಳ ಏನಿಲ್ಲ, ನಗುತ್ತಾ ಕೇಳುತ್ತಾಳೆ.”

ಫೋನ್ ಇಟ್ಟವನೇ ಅವನು ಗುಮಾಸ್ತೆಯನ್ನು ಕರೆದು, ಹೊಸ ಪುಸ್ತಕ ತೆಗೆದು ಗೆರೆ ಎಳೆಯಲು ಹೇಳಿದ. ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಗಟ್ಟಿಯಾಗಿ ಅತ್ತರೆ ಪಕ್ಕದ ರೂಮಿನವರಿಗೆ ಏನೆಂದು ಹೇಳಲಿ?

ಸಬಿತಾ ಫೋನು ಎತ್ತಿದಾಗ ಇಬ್ಬರ ಹೆಬ್ಬೆರಳಿನಲ್ಲೂ ಶಾಯಿ ಇತ್ತು. ಮಾಯಾ ಅಳುತ್ತಿದ್ದಳು. ಸಬಿತಾಳದ್ದು ಮಾತ್ರ ಕೌಂಟರಿನ ನಗು ಆಗಿರಲಿಲ್ಲ, ಮುಖವಿಡೀ ನಗು.

“ದೀದಿ, ಆಯಿತು! ಇನ್ನು ನಾನು ದುಬೈಯಲ್ಲಿ ಧೈರ್ಯವಾಗಿ ಸಾಯಬಹುದು!”

“ಬಾಯಿ ಮುಚ್ಚು! ಮದುವೆಯ ದಿನ ಎಂತ ಮಾತದು!” ಎಂದು ಗದರಿಸಿದೆ. ಗದರಿಸುತ್ತಲೇ ಅತ್ತುಬಿಟ್ಟೆ.

ನಾನು ಎಷ್ಟೋ ಮದುವೆಗಳ ಊಟ ಉಂಡಿದ್ದೇನೆ. ಸಾವಿನ ಮಾತಾಡಿ ಅಷ್ಟು ಸಂತೋಷಪಟ್ಟ ಮದುಮಗಳನ್ನು ಬೇರೆ ನೋಡಿಲ್ಲ. ಇಗರ್ಜಿಯಲ್ಲಿ ಉಂಗುರ ತೊಡಿಸಿಕೊಂಡ ದಿನದಿಂದ ಅಂದಿನವರೆಗೆ, ನನ್ನ ಪೆಟ್ಟಿಗೆ ಯಾರ ಕೈಗೆ ಹೋದೀತು ಎಂದು ನಾನು ಒಮ್ಮೆಯೂ ಯೋಚಿಸಿದವಳಲ್ಲ. ಅದನ್ನು ಯೋಚಿಸದೆ ಇರುವುದೇ ದೊಡ್ಡ ಭಾಗ್ಯ ಎಂದು ನನಗೆ ಗೊತ್ತಾದದ್ದು ಆ ದಿನ.