ಅಪ್ಪಯ್ಯಣ್ಣ ಕಿಟಕಿಗೆ ಪಟ್ಟಿ ಪರದೆ ಕಟ್ಟಿದ್ದು

ಸಮೇತನಹಳ್ಳಿಯ ಅಪ್ಪಯ್ಯಣ್ಣನಿಗೆ ಬಾರದ ಕೆಲಸ ಈ ಭೂಮಿಯ ಮೇಲೆ ಒಂದೂ ಇಲ್ಲ. ಹೀಗೆಂದು ಹೇಳಿದವನು ಅಪ್ಪಯ್ಯಣ್ಣನೇ. ಗ್ಯಾಸ್ ಒಲೆ ರಿಪೇರಿಗೆ ಕೈಹಾಕಿ ಮೂರು ದಿನ ಮನೆಯವರಿಗೆ ಬನ್ನು ಬಾಳೆಹಣ್ಣು ತಿನ್ನಿಸಿದ್ದು, ಮಿಕ್ಸಿ ಬಿಚ್ಚಿ ಜೋಡಿಸಿದ ಮೇಲೆ ನಾಲ್ಕು ಸ್ಕ್ರೂ ಉಳಿದಾಗ "ಕಂಪನಿಯೋರು ದಂಡಕ್ಕೆ ಹಾಕವ್ರೆ" ಎಂದದ್ದು, ಎಲ್ಲವೂ ಊರಿಗೆ ಗೊತ್ತು. ಆದರೆ ರೇಷ್ಮೆ ಹುಳುವಿನ ವಿಷಯದಲ್ಲಿ ಮಾತ್ರ ಅವನ ಮಾತನ್ನು ತೆಗೆದುಹಾಕುವ ಗಂಡಸು ಸುತ್ತಮುತ್ತ ಇರಲಿಲ್ಲ. ನಲವತ್ತು ವರ್ಷ ಹುಳು ಸಾಕಿದವನು, ಮೊಣಕಾಲು ನೋವಿಗೆ ಸೋತು ಎರಡು ವರ್ಷದ ಹಿಂದೆ ಬಿಟ್ಟಿದ್ದ.

ಅವನ ಹೆಂಡತಿ ಗಂಗಲಕ್ಷ್ಮಮ್ಮನಿಗೆ ಈಚೆಗೆ ಬಿ.ಪಿ. ಏರಿತು. ಮಧ್ಯಾಹ್ನ ಒಂದು ಗಂಟೆ ಮಲಗಲೇಬೇಕು ಎಂದರು ಡಾಕ್ಟರು. ಮಾತ್ರೆಯಾದರೆ ನುಂಗಬಹುದು, ಮಲಗುವುದೆಲ್ಲಿ? ಒಳಕೋಣೆ ತುಂಬ ರಾಗಿ ಮೂಟೆ. ಫ್ಯಾನಿರುವುದು ಪಡಸಾಲೆಯಲ್ಲಿ, ಪಡಸಾಲೆಯ ಕಿಟಕಿಗೆ ಎದುರಾಗಿ ಹಾಲಿನ ಡೈರಿ. ಹಾಲು ಹಾಕುವುದು ಐದು ಗಂಟೆಗಾದರೂ ಜನ ಕ್ಯಾನು ಹಿಡಿದು ಎರಡಕ್ಕೇ ಬಂದು ಇವರ ಜಗಲಿಯ ಮೇಲೆ ಠಿಕಾಣಿ ಹೂಡುತ್ತಾರೆ, ಕಿಟಕಿಯೊಳಕ್ಕೆ ಇಣುಕುತ್ತಾರೆ. ಗಟ್ಟಿಮುಟ್ಟಾದ ಹೆಂಗಸು ಹಗಲು ಹೊತ್ತು ಕಾಲು ಚಾಚಿದಳೆಂದರೆ ಸಂಜೆಯೊಳಗೆ ಹಾದಿಬೀದಿಯ ಮಾತಾಗುತ್ತಾಳೆ. ಕಿಟಕಿ ಮುಚ್ಚಿದರೆ ಸೆಕೆಗೆ ಜೀವ ಹೋಗುತ್ತದೆ. ಹೀಗಾಗಿ ಗಂಗಲಕ್ಷ್ಮಮ್ಮ ಗೋಡೆಗೆ ಒರಗಿ, ಅಕ್ಕಿ ಆರಿಸುವವಳ ಹಾಗೆ ಮೊರ ಇಟ್ಟುಕೊಂಡು ತೂಕಡಿಸುತ್ತಿದ್ದಳು.

ಏರ್‌ಪೋರ್ಟಿನಲ್ಲಿ ಕೆಲಸಕ್ಕಿದ್ದ ಮಗ ಮುನಿರಾಜ್ ಇದನ್ನು ನೋಡಲಾರದೆ ಫೋನಿನಲ್ಲೇ ಒಂದು ಬ್ಲೈಂಡ್ಸ್ ತರಿಸಿದ. ಅಡ್ಡಡ್ಡ ಪಟ್ಟಿಗಳ ಪರದೆ. ಪಕ್ಕದ ದಾರ ಎಳೆದರೆ ಮೇಲಕ್ಕೆ ಮಡಚಿಕೊಳ್ಳುತ್ತದೆ, ಬಿಟ್ಟರೆ ಇಳಿಯುತ್ತದೆ. ಗಾಳಿ ಬರುತ್ತದೆ, ಮುಖ ಕಾಣುವುದಿಲ್ಲ.

"ಭಾನುವಾರ ಫಿಟ್ಟಿಂಗ್‌ನೋನು ಬರ್ತಾನೆ, ನೀನು ಮುಟ್ಬೇಡಪ್ಪ," ಎಂದು ಹೇಳಿಯೇ ಹೋಗಿದ್ದ.

"ಒಂದು ಪರದೆ ಕಟ್ಟಕ್ಕೆ ಬೆಂಗಳೂರಿಂದ ಆಳು ಬರ್ಬೇಕಾ? ನಲವತ್ತು ವರ್ಸ ಹುಳುಮನೆ ಕಿಟಕಿಗೆ ಪರದೆ ಕಟ್ಟಿರೋನು ಯಾರು?" ಎಂದ ಅಪ್ಪಯ್ಯಣ್ಣ ಶುಕ್ರವಾರವೇ ಡ್ರಿಲ್ ಮಿಷನ್ ಇಸಿದುಕೊಂಡು ಬಂದ.

ಹುಳುಮನೆಯ ಕಿಟಕಿಗೆ ಊಜಿ ನೊಣ ನುಗ್ಗದಂತೆ ಬಲೆ ಕಟ್ಟುವುದು ಹೊರಗಡೆಯಿಂದ. ಅಪ್ಪಯ್ಯಣ್ಣನ ಕೈಗೆ ಗೊತ್ತಿದ್ದದ್ದು ಅದೊಂದೇ. ಹೊರಕ್ಕೆ ತೆರೆಯುವ ಕಿಟಕಿ ಬಾಗಿಲುಗಳು ಅಡ್ಡ ಬಂದವು. ಅವನ್ನು ಕಿತ್ತು ಅಟ್ಟಕ್ಕೆ ಎಸೆದ. ಸಂಜೆಯ ಹೊತ್ತಿಗೆ ಪರದೆ ನೆಟ್ಟಗೆ, ನೀಟಾಗಿ, ಗೋಡೆಯ ಹೊರಮೈಗೆ ಕೂತಿತ್ತು. ದಾರ ಜಗಲಿಯ ಮೇಲೆ ತೂಗಾಡುತ್ತಿತ್ತು.

ಮರುದಿನ ಎರಡು ಗಂಟೆಗೆ ಗಂಗಲಕ್ಷ್ಮಮ್ಮ ಚಾಪೆ ಹಾಸಿ, ದೇವರಿಗೆ ಕೈಮುಗಿದು ಮಲಗಿದಳು. ಕಣ್ಣು ಹತ್ತುವಷ್ಟರಲ್ಲಿ ಪರದೆ ಸರ್ರನೆ ಮೇಲಕ್ಕೆ ಹೋಯಿತು. ಕಿಟಕಿ ತುಂಬ ಪಕ್ಕದ ಮನೆಯ ಭಾಗ್ಯಮ್ಮನ ಮುಖ.

"ಅಕ್ಕಾ, ಎಷ್ಟು ಚೆಂದಾಗೈತೆ ಇದು! ಎಳುದ್ರೆ ನಾಟಕದ ಪರದೆ ಎದ್ದಂಗೆ ಏಳ್ತದೆ! ಮಲ್ಗಿದ್ರಾ?"

"ಇಲ್ಲ ಭಾಗ್ಯಮ್ಮ, ಸೂಜಿ ಬಿದ್ದಿತ್ತು, ಹುಡುಕ್ತಾ ಇದ್ದೆ."

ಐದು ಗಂಟೆಯೊಳಗೆ ಗಂಗಲಕ್ಷ್ಮಮ್ಮನ ಸೂಜಿ ಹನ್ನೊಂದು ಸಲ ಬಿತ್ತು. ಕ್ಯಾನು ಹಿಡಿದು ಬಂದ ಪ್ರತಿಯೊಬ್ಬರೂ ಒಂದು ಸಲ ದಾರ ಎಳೆದೇ ಮುಂದಕ್ಕೆ ಹೋದರು.

"ಹೊರಗಡೆ ಯಾಕಯ್ಯ ಹಾಕ್ದೆ?" ಎಂದು ಅವಳು ಗಂಡನ ಮೇಲೆ ಹರಿಹಾಯ್ದಳು.

"ಒಳಗಿಂದ ಹಾಕುದ್ರೆ ಹುಳಕ್ಕೆ ತೊಂದ್ರೆ ಆಗ್ತದೆ ಕಣಮ್ಮಿ."

"ನಾನೇನು ಹುಳಾನಾ?"

ಅಪ್ಪಯ್ಯಣ್ಣನಿಗೆ ಆಗ ಹೊಳೆಯಿತು. ಆದರೆ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಇಡೀ ಡೈರಿಯ ಎದುರು ಕಿತ್ತು ಒಳಕ್ಕೆ ಹಾಕುವುದುಂಟೇ! ಭಾನುವಾರ ಬಂದ ಫಿಟ್ಟಿಂಗ್‌ನವನನ್ನೂ "ಕೆಲ್ಸ ಮುಗುದೈತೆ ಹೋಗಪ್ಪ" ಎಂದು ಬಾಗಿಲಿಂದಲೇ ಸಾಗಹಾಕಿದ. ಆದರೂ, ಹೆಂಡತಿ ಮೊರ ಹಿಡಿದು ಮತ್ತೆ ಗೋಡೆಗೆ ಒರಗಿದ್ದು ಅವನ ಕಣ್ಣಿಗೆ ಬಿತ್ತು. ಪಾಪ, ಕಣ್ಣ ಸುತ್ತ ಕಪ್ಪು ಕಟ್ಟಿತ್ತು. "ನಾನಿದೀನಿ, ನೀನು ಮಲ್ಕೋ," ಎಂದವನೇ ಜಗಲಿಗೆ ಸ್ಟೂಲು ಹಾಕಿ, ದಾರವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು ಕಾವಲು ಕೂತ.

"ಯಾಕಣ್ಣ ಹಿಂಗೆ ಕೂತಿದೀಯ?" ಎಂದು ಬಂದವರೆಲ್ಲ ಕೇಳಿದರು. ಹೆಂಡತಿ ಮಲಗಿದ್ದಾಳೆ ಎನ್ನುವಂತಿಲ್ಲ. ನಲವತ್ತು ವರ್ಷದ ಅಭ್ಯಾಸದ ಮಾತು ತಾನಾಗಿ ಬಾಯಿಂದ ಜಾರಿತು: "ಶ್! ಜ್ವರಕ್ಕೆ ಕೂತವ್ಳೆ, ಗಲಾಟೆ ಮಾಡ್ಬೇಡಿ."

ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು, ತಲೆ ಎತ್ತಿ, ಅಲುಗದೆ ನಿದ್ದೆ ಮಾಡುತ್ತದೆ. ಅದಕ್ಕೆ ಈ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳುವನ್ನು ಯಾರೂ ಮುಟ್ಟುವುದಿಲ್ಲ. ಹುಳು ಸಾಕಿದವರು ಮುಸಿಮುಸಿ ನಕ್ಕು ದನಿ ತಗ್ಗಿಸಿದರು. ಆದರೆ ಡೈರಿಯ ಸೆಕ್ರೆಟರಿ ಪ್ರಮೋದಾ ಹಾಸನದ ಕಡೆಯಿಂದ ಈ ಊರಿಗೆ ಬಂದ ಸೊಸೆ. ಆಲೂಗಡ್ಡೆ ಕಂಡವಳು, ಹುಳು ಕಂಡವಳಲ್ಲ. "ಅಯ್ಯೋ, ಗಂಗಲಕ್ಷ್ಮಮ್ಮನೋರಿಗೆ ಜ್ವರವಂತೆ!" ಎಂದು ಕ್ಯಾನಿನ ಸಾಲಿಗೆಲ್ಲ ಕೂಗಿ ಹೇಳಿದಳು.

ಮೂರು ಗಂಟೆಗೆ ಪಡಸಾಲೆಯಲ್ಲಿ ಹದಿನಾಲ್ಕು ಜನ. ಎಳನೀರು ಬಂತು, ಮೆಣಸಿನ ಕಷಾಯ ಬಂತು. ಭಾಗ್ಯಮ್ಮ ಹಣೆ ಮುಟ್ಟಿ, "ಕಾದ ಹೆಂಚಾಗೈತಲ್ಲಪ್ಪೋ!" ಎಂದಳು. ಏಪ್ರಿಲ್ ತಿಂಗಳಲ್ಲಿ ಯಾರ ಹಣೆ ತಾನೇ ತಣ್ಣಗಿರುತ್ತದೆ?

ನನಗೇನೂ ಆಗಿಲ್ಲ ಎಂದು ಹೇಳಲು ಗಂಗಲಕ್ಷ್ಮಮ್ಮ ಬಾಯಿ ತೆರೆದಳು.

"ಏಳ್ಬೇಡಿ ಅಕ್ಕ, ಮಲ್ಕಳಿ. ರಾತ್ರಿಗೆ ಮುದ್ದೆ ಸಾರು ನಾನೇ ತತ್ತೀನಿ," ಎಂದಳು ಭಾಗ್ಯಮ್ಮ.

ತೆರೆದ ಬಾಯಿ ಮುಚ್ಚಿತು. ಗಂಗಲಕ್ಷ್ಮಮ್ಮ ಕ್ಷಣ ಯೋಚಿಸಿ, ಕ್ಷೀಣ ದನಿಯಲ್ಲಿ ಅಂದಳು: "ಆ ಪರದೆ ಪೂರ್ತಿ ಮೇಲಕ್ಕೆತ್ತಮ್ಮ, ಗಾಳಿ ಬರ್ಲಿ."

ಭಾಗ್ಯಮ್ಮ ಜಗಲಿಗೆ ಹೋಗಿ ದಾರ ಎಳೆದಳು, ಪರದೆ ಎದ್ದಿತು. ಇಡೀ ಡೈರಿಯ ಕಣ್ಣೆದುರಿಗೆ ಗಂಗಲಕ್ಷ್ಮಮ್ಮ ಎರಡೂ ಕಾಲು ನೀಡಿ, ಸೆರಗು ಹೊದ್ದು ಗೊರಕೆ ಹೊಡೆದಳು. ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಕ್ಯಾನು ಸದ್ದು ಮಾಡಿದವರನ್ನು ಪ್ರಮೋದಾ ಗದರಿಸಿದಳು. ದಿನಾ ಅವಳು ಕರೆಯುತ್ತಿದ್ದ ಹಸುವಿನ ಹತ್ತಿರ ಒದೆಸಿಕೊಂಡು ಅಪ್ಪಯ್ಯಣ್ಣ ತಾನೇ ಹಾಲು ಕರೆದ.

ದೀಪ ಹಚ್ಚುವ ಹೊತ್ತಿಗೆ ಅವಳು ಎದ್ದಾಗ ಅವನು ಕಾಫಿ ಹಿಡಿದು ನಿಂತಿದ್ದ. ಮೂವತ್ತಾರು ವರ್ಷದ ಸಂಸಾರದಲ್ಲಿ ಅವಳ ಮುಖ ಇಷ್ಟು ಹಗುರಾಗಿದ್ದದ್ದನ್ನು ಅವನು ಕಂಡಿರಲಿಲ್ಲ. ಕಂಡು ನಾಚಿಕೆಯಾಯಿತು.

"ತಪ್ಪಾಯ್ತು ಕಣೆ. ನಾಳೆ ಆ ಫಿಟ್ಟಿಂಗ್‌ನೋನ್ನೇ ಕರೆಸಿ ಒಳಗಡೆ ಹಾಕುಸ್ತೀನಿ."

"ಏನೂ ಬೇಡ, ಇರ್ಲಿ ಬಿಡು," ಎಂದು ಅವಳು ಕಾಫಿ ಗುಟುಕರಿಸಿದಳು. "ಹುಳಕ್ಕೆ ಒಟ್ಟು ಎಷ್ಟು ಜ್ವರ?"

"ನಾಲ್ಕು."

"ಹಂಗಾದ್ರೆ ನಂಗಿನ್ನೂ ಮೂರೈತೆ," ಎಂದು ಲೋಟ ಅವನ ಕೈಗಿಟ್ಟು ಮಗ್ಗುಲಾದಳು.